ನಕ್ಷೆಯಲ್ಲಿ ಬಳೆ, ಉಂಗುರ, ಕಾಲುಂಗುರ

ಕಬ್ಬಿಣ ಕೊರೆಯುವ ಜಾಗದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ನಮ್ಮ ವರ್ಕ್‌ಶಾಪಿಗೆ ಬಂದು ಒಂದು ದಿನ ಕೂತು ನೋಡಬೇಕು. ನಾನು ಅಂದಾಜಿನ ಮೇಲೆ ಮಾತಾಡುವವಳಲ್ಲ. ನನ್ನ ರಿಜಿಸ್ಟರಿನ ಕೊನೆಯ ಕಾಲಮ್ಮಿಗೆ 'ಷರಾ' ಎಂದು ಹೆಸರು. ವಾರಕ್ಕೆ ಒಂದಾದರೂ ಇಂಥ ಸಂಗತಿ ಅಲ್ಲಿ ದಾಖಲಾಗುತ್ತಲೇ ಇರುತ್ತದೆ.

ನಮ್ಮದು ಶಿರಸಿಯಲ್ಲಿ ಲೋಹದ ತುಂಡನ್ನು ತಿರುಗಿಸಿ ಕೊರೆಯುವ ಎರಡು ಲೇಥು, ಒಂದು ಡ್ರಿಲ್ಲಿಂಗ್ ಮಷೀನು ಇರುವ ಸಣ್ಣ ವರ್ಕ್‌ಶಾಪು. ಅಡಿಕೆ ಸುಲಿಯುವ ಯಂತ್ರಗಳ ಬಿಡಿಭಾಗ ಮಾಡುವುದು, ರಿಪೇರಿ ಮಾಡುವುದು ಮುಖ್ಯ ಕೆಲಸ. ಕಟ್ಟಿದವರು ನಮ್ಮನೆಯವರು. ಲೇಥ್ ನಡೆಸುವವರು ಗುಡ್ನಾಪುರದ ಕಡೆಯ ಮೇಸ್ತ್ರಿ. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವವಳು ನನ್ನ ಸೊಸೆ, ಯಲ್ಲಾಪುರದ ಹುಡುಗಿ, ಮೆಕ್ಯಾನಿಕಲ್ ಇಂಜಿನಿಯರ್. ದಾಖಲೆ ಇಡುವವಳು ನಾನು. ಗಣಿತದಲ್ಲಿ ಬಿ.ಎಸ್ಸಿ. ಮಾಡಿದ್ದೇನೆ. ಇದನ್ನು ನಾನು ಪದೇ ಪದೇ ಹೇಳುತ್ತೇನೆಂದು ಮನೆಯಲ್ಲಿ ದೂರಿದೆ. ಎಷ್ಟು ಸಲ ಹೇಳಿದ್ದೇನೆಂಬ ಲೆಕ್ಕ ಅವರಲ್ಲಿ ಯಾರ ಹತ್ತಿರವೂ ಇಲ್ಲ.

ಸುಗ್ಗಿ ಮುಗಿದರೆ ಎರಡನೇ ಲೇಥಿಗೆ ಕೆಲಸವಿಲ್ಲ. ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ ಇಡುತ್ತಿದ್ದೆವು. ಹಾಗಿರುವಾಗ ಹುಬ್ಬಳ್ಳಿಯ ಒಂದು ಪಂಪ್ ಕಂಪನಿಯಿಂದ ವಿಚಾರಣೆ ಬಂತು: ನಮಗೆ ಬುಷ್ ಮಾಡಿಕೊಡುತ್ತೀರಾ? ಬುಷ್ ಎಂದರೆ ತಿರುಗುವ ಶಾಫ್ಟಿಗೆ, ಅಂದರೆ ದಂಡಕ್ಕೆ, ತೊಡಿಸುವ ಲೋಹದ ಗಿಡ್ಡ ಕೊಳವೆ. ಷರತ್ತು ಮೂರು. ನಕ್ಷೆ ನಾವೇ ಬರೆದು ಅವರಿಂದ ಒಪ್ಪಿಗೆ ಪಡೆಯಬೇಕು. ಇಪ್ಪತ್ತನಾಲ್ಕು ಬುಷ್ ಮಾಡಿ ತೋರಿಸಬೇಕು, ಇಪ್ಪತ್ತನಾಲ್ಕೂ ಸರಿ ಇರಬೇಕು. ಪ್ರತಿ ಬುಷ್ಷನ್ನು ಯಾವ ಸಾಧನದಿಂದ ಪರೀಕ್ಷಿಸಿದ್ದು ಎಂದು ಬರೆಯಬೇಕು, ಆ ಸಾಧನ ಸರಿಯಾಗಿದೆ ಎಂಬ ಕ್ಯಾಲಿಬ್ರೇಶನ್ ಸರ್ಟಿಫಿಕೇಟನ್ನೂ ಲಗತ್ತಿಸಬೇಕು.

ಈ ಕೆಲಸ ಸಿಕ್ಕರೆ ವರ್ಷವಿಡೀ ಲೇಥ್ ತಿರುಗುತ್ತದೆ. ಸಿಗದಿದ್ದರೆ ಏನು ಎಂಬುದನ್ನು ಮೇಸ್ತ್ರಿಯೇ ಹೇಳಿದ್ದರು. "ಹುಬ್ಬಳ್ಯಾಗ ನನ್ನ ಭಾವ ಒಂದ್ ಫ್ಯಾಕ್ಟರ್‍ಯಾಗ ಅದಾನ್ರಿ. ಕರ್ಯಾಕತ್ತಾನ. ಮನಸಿಲ್ಲ, ಆದ್ರ ವರ್ಷದಾಗ ಅರ್ಧ ದಿನ ಸುಮ್ನ ಕುಂತು ಹೆಂಗ್ ನಡೀತೈತ್ರಿ, ಅಮ್ಮಾರ?" ಅಂಥ ಕೈ ಇನ್ನೊಂದು ಈ ಮೂರು ತಾಲೂಕಿನಲ್ಲಿ ಸಿಗುವುದಿಲ್ಲ. ಆದ್ದರಿಂದ ಕೆಳಗಿನ ಪ್ರಸಂಗಗಳೆಲ್ಲ ನಡೆಯುವಾಗ ನಮಗೆ ಯಾರಿಗೂ ನಗು ಬಂದಿರಲಿಲ್ಲ ಎಂಬುದನ್ನು ಮೊದಲೇ ದಾಖಲಿಸುತ್ತೇನೆ.

ಹೆಚ್ಚುಕಡಿಮೆ

ಮೇಸ್ತ್ರಿ ಅಲ್ಲಿಯವರೆಗೆ ನಕ್ಷೆ ನೋಡಿ ಕೆಲಸ ಮಾಡಿದವರಲ್ಲ. ಗಿರಾಕಿ ಹಳೆಯ ಶಾಫ್ಟ್ ತಂದು ಮುಂದಿಟ್ಟರೆ ಅದಕ್ಕೆ ಕೂರುವಂತೆ ಬುಷ್ ಕೊರೆದುಕೊಡುವುದು ಅವರ ಪದ್ಧತಿ. ಸೊಸೆಯ ಮೊದಲ ನಕ್ಷೆಯಲ್ಲಿ ಒಳ ಅಳತೆ ಇಪ್ಪತ್ತು ಮಿಲಿಮೀಟರ್ ಎಂದಿತ್ತು. ಪಕ್ಕದಲ್ಲಿ ಕೂಡುವ ಚಿಹ್ನೆ, ಅದರ ಕೆಳಗೆ ಕಳೆಯುವ ಚಿಹ್ನೆ, ಆಮೇಲೆ 0.02.

"ಇದೇನ್ರಿ ತಂಗ್ಯವ್ವಾ, ಕೂಡಬೇಕೋ ಕಳೀಬೇಕೋ?" ಎಂದರು ಮೇಸ್ತ್ರಿ.

ಸೊಸೆ ಕನ್ನಡದಲ್ಲಿಯೇ ಬಿಡಿಸಿ ಹೇಳಿದಳು. "ಮೇಲಿನದು ಹೆಚ್ಚು, ಕೆಳಗಿನದು ಕಡಿಮೆ, ಮೇಸ್ತ್ರಿ. ಇಪ್ಪತ್ತು, ಹೆಚ್ಚು–ಕಡಿಮೆ."

ಮೇಸ್ತ್ರಿಯ ಮುಖ ಅರಳಿತು. "ಹೆಚ್ಚುಕಡಿಮಿ ಇಪ್ಪತ್ತಾ? ಮೊದ್ಲೇ ಹಂಗ್ ಹೇಳ್ಬಾರ್ದೇನ್ರಿ!"

ಮಧ್ಯಾಹ್ನದೊಳಗೆ ಆರು ಬುಷ್ ತಯಾರು. ನಾನು ಅಳೆದೆ. ಒಂದು ಹತ್ತೊಂಬತ್ತೂ ಮುಕ್ಕಾಲು, ಇನ್ನೊಂದು ಇಪ್ಪತ್ತೂ ಕಾಲು. ಒಂದರ ಹಾಗೆ ಇನ್ನೊಂದಿಲ್ಲ. ಕೇಳಿದರೆ, "ಎಲ್ಲಾ ಹೆಚ್ಚುಕಡಿಮಿ ಇಪ್ಪತ್ತೇ ಅದಾವಲ್ರಿ" ಎಂದರು.

ನಮ್ಮನೆಯವರು ಹುಬ್ಬಳ್ಳಿಗೆ ಫೋನ್ ಮಾಡಿ, ತಡವಾಗುವುದಕ್ಕೆ ಕ್ಷಮೆ ಕೇಳಿದರು. "ಮೊದಲನೇ ಸಲ ಮಾಡಿದ್ದು ಸ್ವಲ್ಪ ಹೆಚ್ಚುಕಡಿಮೆ ಆಗಿಬಿಟ್ಟಿದೆ ಸಾರ್."

ಆ ಕಡೆಯಿಂದ ಉತ್ತರ ಬಂತು. "ಎಷ್ಟು ಹೆಚ್ಚುಕಡಿಮೆ? 0.02ರ ಒಳಗಿದ್ರೆ ಕಳಿಸಿಬಿಡ್ರಿ."

ಮೇಲ್ಮುಖ ಬಾಣ

ಬಾಯಿಮಾತಿನ ವಿವರಣೆಯೇ ತಪ್ಪಿಗೆ ಕಾರಣವಾಯಿತು, ಇನ್ನು ಮುಂದೆ ಪಠ್ಯಪುಸ್ತಕದ ಚಿಹ್ನೆಗಳನ್ನೇ ಹಾಕುತ್ತೇನೆ ಎಂದಳು ಸೊಸೆ. ಅವಳ ಕಂಪ್ಯೂಟರಿನಲ್ಲಿ ಅವೆಲ್ಲ ಸಾಲಾಗಿ ಇರುತ್ತವೆ, ಒತ್ತಿದರೆ ನಕ್ಷೆಯ ಮೇಲೆ ಬಂದು ಕೂರುತ್ತವೆ. ಬುಷ್ ತಿರುಗುವಾಗ ಓಲಾಡಬಾರದು ಎನ್ನುವುದಕ್ಕೆ ಒಂದು ಚಿಹ್ನೆಯಿದೆ: ಓರೆಯಾಗಿ ಮೇಲಕ್ಕೆ ತೋರಿಸುವ ಬಾಣ. ಓಲಾಟ ಎಷ್ಟರವರೆಗೆ ಇರಬಹುದು ಎಂಬ ಅಂಕೆ ಅದರ ಪಕ್ಕದ ಚೌಕದಲ್ಲಿ ಇರುತ್ತದೆ. ನಮ್ಮದಕ್ಕೆ 0.03 ಎಂದು ಹಾಕಿದಳು.

ಆ ನಕ್ಷೆಯಂತೆ ಮಾಡಿದ ಹೊಸ ಆರನ್ನು ಮರುದಿನ ನಾನು ಅಳೆಯಲು ಹೋದರೆ ಬುಷ್‌ಗಳೇ ಇಲ್ಲ. ರಿಜಿಸ್ಟರಿನಲ್ಲಿ ಬರೆದೆ: ಮಾಡಿದ್ದು ಆರು, ಇರುವುದು ಸೊನ್ನೆ. ಲೇಥಿನ ಕೆಳಗೆ, ಉಕ್ಕಿನ ಚೂರಿನ ಡಬ್ಬಿಯಲ್ಲಿ, ಸೊಸೆಯ ಮೇಜಿನ ಖಾನೆಯಲ್ಲಿ, ಎಲ್ಲ ಕಡೆ ಹುಡುಕಿದ್ದಾಯಿತು. ಮೇಸ್ತ್ರಿ ಬಂದವರು ನಮ್ಮ ಗಡಿಬಿಡಿ ನೋಡಿ ಆಶ್ಚರ್ಯಪಟ್ಟರು.

"ನೀವಾ ಬರದು ಕೊಟ್ಟು ನೀವಾ ಹುಡುಕ್ತೀರಲ್ರಿ! ಬಾಣ ಹಾಕಿ ಮ್ಯಾಲ ತೋರ್ಸಿಲ್ಲೇನು? ಅಟ್ಟದ ಮ್ಯಾಲ ಇಟ್ಟೀನಿ."

"ಅಟ್ಟದಲ್ಲಿ ಎಲ್ಲಿ?" ಎಂದೆ.

"ಅದೂ ಬರದೈತಲ್ರಿ. ಮೂರನೇ ಹಲಗಿ."

ಮೇಸ್ತ್ರಿಯ ಅಳತೆ

ಆಗ ನಾನು ಒಂದು ಪ್ರಯೋಗ ಮಾಡಿದೆ. ನಕ್ಷೆ ಕೊಟ್ಟರೆ ತಪ್ಪುವ ಮನುಷ್ಯ, ಶಾಫ್ಟ್ ಮುಂದಿಟ್ಟರೆ ತಪ್ಪುವುದಿಲ್ಲ. ಯಾಕೆ? ಗಮನಿಸಿದಾಗ ತಿಳಿಯಿತು. ಗಿರಾಕಿಯ ಹತ್ತಿರ ಅವರು ಯಾವಾಗಲೂ ಒಂದೇ ಪ್ರಶ್ನೆ ಕೇಳುತ್ತಾರೆ. "ಬಳಿಗತೆ ಬೇಕೋ, ಉಂಗುರದಗತೆ ಬೇಕೋ, ಕಾಲುಂಗುರದಗತೆ ಬೇಕೋ?" ಬಳೆಯಂತೆ ಎಂದರೆ ತೊಡಿಸಿದ ಮೇಲೂ ಸರಾಗವಾಗಿ ತಿರುಗಬೇಕು. ಉಂಗುರದಂತೆ ಎಂದರೆ ತಿರುವಿ ಹಾಕಬೇಕು, ತಿರುವಿ ತೆಗೆಯಬೇಕು. ಕಾಲುಂಗುರದಂತೆ ಎಂದರೆ ಒಮ್ಮೆ ಹೊಡೆದು ಕೂರಿಸಿದರೆ ಮುಗಿಯಿತು, ಮತ್ತೆ ಬರಬಾರದು.

ಎರಡು ವಾರ ಅವರು ಮಾಡಿದ್ದನ್ನೆಲ್ಲ, ಅವರು ಮನೆಗೆ ಹೋದ ಮೇಲೆ, ಅತಿ ಸೂಕ್ಷ್ಮ ಅಳತೆಯ ಮೈಕ್ರೋಮೀಟರಿನಿಂದ ಅಳೆದು ಬರೆದಿಟ್ಟೆ. ಬಳೆ ಎಂದರೆ ಪ್ರತಿಸಲವೂ ಕೂದಲಿನ ಅರ್ಧ ದಪ್ಪದಷ್ಟು ಸಡಿಲ. ಒಮ್ಮೆಯೂ ಬದಲಿಲ್ಲ. ಉಂಗುರವೂ ಹಾಗೆಯೇ, ಕಾಲುಂಗುರವೂ ಹಾಗೆಯೇ. ಸೊಸೆಯ ಪಠ್ಯಪುಸ್ತಕದಲ್ಲಿ ಇಂಥ ಜೋಡಣೆಗೆ ಕೊಟ್ಟ ಅಂಕೆಗಳಿಗೂ ಮೇಸ್ತ್ರಿಯ ಒಡವೆಗಳಿಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ.

ಗುಟ್ಟು ಹೇಗೋ ಅವರಿಗೆ ಗೊತ್ತಾಯಿತು. "ಅಮ್ಮಾರ, ನಾ ಮನಿಗೆ ಹೋದ್ಮ್ಯಾಲ ನನ್ನ ಕೆಲಸ ಅಳೀತೀರಂತ? ಎಷ್ಟು ತಪ್ಪು ಸಿಕ್ವು?"

"ಒಂದೂ ಸಿಗಲಿಲ್ಲ."

"ಹಂಗಾದ್ರ ನಿಮ್ಮ ಮೈಕ್ರೋಮೀಟರ್ ಒಮ್ಮಿ ತೋರಿಸ್ರಿ. ಕೆಟ್ಟಿರ್ಬೇಕು."

ಅದೇ ಸಂಜೆ ಸೊಸೆಗೆ ಹೇಳಿದೆ. "ತಂಗಿ, ನಿನ್ನ ಕಂಪ್ಯೂಟರಿಗೆ ಮೂರು ಹೊಸ ಚಿಹ್ನೆ ಸೇರ್ಸು. ಒಂದು ಬಳೆ, ಒಂದು ಉಂಗುರ, ಒಂದು ಕಾಲುಂಗುರ."

"ಅತ್ತೆ, ನಮ್ಮದೇ ಚಿಹ್ನೆ ಸೇರ್ಸಲೆ ಬತ್ತು. ಆದರೆ ಇವೆಲ್ಲ ಸ್ಟ್ಯಾಂಡರ್ಡಲ್ಲಿ ಇಲ್ಲೆ."

"ಸ್ಟ್ಯಾಂಡರ್ಡ್ ಮಾಡಿದವ್ಕೆ ಬಳೆ ಹಾಕಿ ಗೊತ್ತಿಲ್ಲೆ" ಎಂದೆ.

ಕಾಲುಂಗುರದಂಥ ಜೋಡಣೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ನಮ್ಮನೆಯವರು ಕೇಳಿದರು. 'ಇಂಟರ್‌ಫಿಯರೆನ್ಸ್ ಫಿಟ್' ಎಂದಳು ಸೊಸೆ. ಅವರು ನನ್ನ ಕಾಲಿನ ಕಡೆ ಒಮ್ಮೆ ನೋಡಿ, "ಮದುವೆಯಾದಾಗಿಂದ ಅದೇ ಇದ್ದು. ಹೆಸರು ಮಾತ್ರ ಇವತ್ತು ಗೊತ್ತಾತು" ಎಂದರು.

ಎರಡು–ಆರು

ಚಿಹ್ನೆ ಮಾಡುವುದು ಹೀಗೆ. ಆಕಾರವನ್ನು ಒಮ್ಮೆ ಬರೆದು, ಹೆಸರು ಕೊಟ್ಟು, ಕಂಪ್ಯೂಟರಿನಲ್ಲಿ ಕೂಡಿಡುವುದು. ಬೇಕಾದಲ್ಲಿ ಕರೆದು, ಎಷ್ಟು ಚಿಕ್ಕದಾಗಿ ಬೇಕೆಂದು ಹೇಳಿ ಕೂರಿಸುವುದು. ಸೊಸೆ ಅಚ್ಚುಕಟ್ಟಿನವಳು. ಬಳೆಗೆ ನನ್ನ ಕೈಯಿಂದಲೇ ಒಂದು ಬಳೆ ಇಸಿದುಕೊಂಡು, ಅಳೆದು, ಇದ್ದಷ್ಟೇ ಗಾತ್ರಕ್ಕೆ ಬರೆದಿಟ್ಟಳು. ಬಳೆಯ ಅಂಗಡಿಯ ಭಾಷೆಯಲ್ಲಿ ನನ್ನ ಅಳತೆ ಎರಡು–ಆರು. ಮಿಲಿಮೀಟರಿನಲ್ಲಿ ಸುಮಾರು ಅರವತ್ತು.

ನಕ್ಷೆಯಲ್ಲಿ ಕೂರಿಸುವಾಗ ಚಿಕ್ಕದು ಮಾಡುವುದು ಮರೆತುಹೋಯಿತು. ಹಾಳೆಯ ಮೇಲೆ ಇಪ್ಪತ್ತು ಮಿಲಿಮೀಟರಿನ ಬುಷ್, ಅದರ ಸುತ್ತ ಅರವತ್ತು ಮಿಲಿಮೀಟರಿನ ದುಂಡು ಬಳೆ. ಪಕ್ಕದಲ್ಲಿ ಒಂದು ಗೆರೆ ಎಳೆದು 'ಬಳೆ' ಎಂದು ಬರೆದಿದೆ.

ಮೇಸ್ತ್ರಿ ಅವತ್ತು ಒಂದೂ ಪ್ರಶ್ನೆ ಕೇಳಲಿಲ್ಲ. ಹಿತ್ತಾಳೆಯಂಥ ಹಳದಿ ಲೋಹವಾದ ಗನ್‌ಮೆಟಲ್ಲಿನ ತುಂಡನ್ನು ಲೇಥಿಗೆ ಕಟ್ಟಿ, ಇಡೀ ಬೆಳಿಗ್ಗೆ ತಲೆ ಎತ್ತದೆ ಕೆಲಸ ಮಾಡಿದರು. ಊಟದ ಹೊತ್ತಿಗೆ ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಮೇಜಿನ ಮೇಲಿಟ್ಟರು. ಬಂಗಾರದಂತೆ ಹೊಳೆಯುತ್ತಿದ್ದ ಬಳೆ. ಅಂಚು ದುಂಡಗೆ, ಒಳಮೈ ಕನ್ನಡಿಯಂತೆ.

"ಬುಷ್ ಮಾಡಿಲ್ರಿ. ಮೊದ್ಲು ಬಳಿ ಮುಗಿಸೀನಿ" ಎಂದರು. "ಆದ್ರ ಅಮ್ಮಾರ, ಪಂಪಿಗೆ ಬಳಿ ಯಾಕ್ರಿ? ಸೀಮಂತ ಏನ್ರಿ?"

ಅದನ್ನು ಕರಗಿಸಲು ನಾನು ಬಿಡಲಿಲ್ಲ. ಅಳೆದು ನೋಡಿದ್ದೇನೆ, ಎರಡು–ಆರಕ್ಕೆ ಕೂದಲೆಳೆಯಷ್ಟೂ ತಪ್ಪಿಲ್ಲ. ಈಗಲೂ ನನ್ನ ಬಲಗೈಯಲ್ಲಿದೆ. ಮಾತಿನ ಅಲಂಕಾರಕ್ಕೆ ಹೇಳುತ್ತಿಲ್ಲ, ಈ ಸಾಲು ಬರೆಯುವಾಗ ಮೇಜಿಗೆ ತಾಗಿ ಸದ್ದು ಮಾಡುತ್ತಿದೆ.

ಹರಳು

ಚಿಹ್ನೆಗಳನ್ನು ಚಿಕ್ಕದು ಮಾಡಿದ ಮೇಲೆ ಬೇರೆ ತೊಂದರೆ ಎದ್ದಿತು. ಬಳೆಯೂ ದುಂಡು, ಉಂಗುರವೂ ದುಂಡು. ಮುದ್ರಿಸಿದರೆ ಎರಡೂ ಸೊನ್ನೆ. "ಉಂಗುರಕ್ಕೊಂದು ಹರಳು ಕೂರ್ಸು, ಗುರುತು ಸಿಗ್ತು" ಎಂದೆ. ಸೊಸೆ ಕೂರಿಸಿದಳು. ಆದರೆ ತೆರೆದದ್ದು ಉಂಗುರದ ಚಿಹ್ನೆಯನ್ನಲ್ಲ, ಬಳೆಯದನ್ನು. ಮೂಲ ಚಿಹ್ನೆಯನ್ನು ತಿದ್ದಿದರೆ ಅದು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ತಾನಾಗಿಯೇ ಬದಲಾಗುತ್ತದೆ. ಅವಳು ಅಷ್ಟರವರೆಗೆ ಬರೆದ ಹದಿನಾಲ್ಕು ನಕ್ಷೆಗಳ ಅಷ್ಟೂ ಬಳೆಗಳಿಗೆ ಒಂದೇ ಏಟಿಗೆ ಹರಳು ಬಂತು.

ನನ್ನ ಹತ್ತಿರ ಪ್ರತಿ ನಕ್ಷೆಯ ಹಳೆಯ ಪ್ರತಿ, ಅದು ಬರೆದ ದಿನದ ಸಮೇತ ಇದ್ದದ್ದರಿಂದ ಒಂದೊಂದನ್ನೇ ನೋಡಿ ಸರಿಮಾಡಿದ್ದಾಯಿತು. ನಾನು ನಮ್ಮನೆಯವರಿಗೆ ಹೇಳಿದೆ. "ನೋಡಿ, ಸೊಸೆ ಒಂದು ನಿಮಿಷದಲ್ಲಿ ಇಷ್ಟು ಹರಳು ಹಾಕಿಸಿತು. ನೀವು ನನ್ನ ಉಂಗುರದ ಒಂದು ಹರಳಿಗೇ ಇನ್ನೂ ಹೊತ್ತು ನೋಡ್ತಾ ಇದ್ದಿ."

ಹನ್ನೊಂದು ಪ್ರಶ್ನೆಗಳು

ಮತ್ತೆ ಹಾಗಾಗದಿರಲಿ ಎಂದು ಸೊಸೆ ಬೇರೆ ದಾರಿ ಹಿಡಿದಳು. ಮೂರು ಚಿಹ್ನೆಗಳನ್ನೂ ಅಕ್ಷರಗಳಂತೆ ಮಾಡಿದಳು. 'ಕ' ಒತ್ತಿದರೆ 'ಕ' ಬರುವ ಹಾಗೆ, ಒಂದು ಗುಂಡಿ ಒತ್ತಿದರೆ ಬಳೆ, ಇನ್ನೊಂದಕ್ಕೆ ಉಂಗುರ. ಅಂಕೆಯ ಪಕ್ಕದಲ್ಲಿ ಬೆರಳಚ್ಚು ಮಾಡುತ್ತ ಹೋದರಾಯಿತು. ನಕ್ಷೆ ಚಂದವಾಗಿ ಬಂತು. ಮೇಸ್ತ್ರಿ ಮೊದಲ ಸಲ ನಕ್ಷೆ ನೋಡಿ, ಯಾರನ್ನೂ ಏನನ್ನೂ ಕೇಳದೆ, ಸರಿಯಾದ ಬುಷ್ ಮಾಡಿದರು. ನಾನು ರಿಜಿಸ್ಟರಿನಲ್ಲಿ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದೆ.

ಅದೇ ನಕ್ಷೆಯನ್ನು ಮೇಲ್ ಮಾಡಿ ಹುಬ್ಬಳ್ಳಿಗೆ ಕಳಿಸಿದೆವು. ನಮ್ಮ ಹೊಸ ಅಕ್ಷರಗಳು ನಮ್ಮ ಕಂಪ್ಯೂಟರಿಗೆ ಗೊತ್ತು, ಅವರ ಕಂಪ್ಯೂಟರಿಗೆ ಎಲ್ಲಿಂದ ಗೊತ್ತಿರಬೇಕು? ಗೊತ್ತಿಲ್ಲದ ಅಕ್ಷರ ಬಂದಲ್ಲೆಲ್ಲ ಅದು ಪ್ರಶ್ನಾರ್ಥಕ ಚಿಹ್ನೆ ಹಾಕಿತು. ಒಳ ಅಳತೆ 20.00? ಹೊರ ಅಳತೆ 25.00? ಉದ್ದ 30.00? ಹೀಗೆ ನಕ್ಷೆಯ ತುಂಬ ಹನ್ನೊಂದು ಪ್ರಶ್ನೆ.

ಅಲ್ಲಿಯ ಇನ್ಸ್‌ಪೆಕ್ಷನ್ ಸಾಹೇಬರು ಶಿಸ್ತಿನ ಮನುಷ್ಯರಿರಬೇಕು. ಕ್ರಮಸಂಖ್ಯೆ ಹಾಕಿ ಎಲ್ಲಕ್ಕೂ ಉತ್ತರ ಕೊಟ್ಟಿದ್ದರು. ಒಂದು: ಹೌದು. ಎರಡು: ಹೌದು, ಇಪ್ಪತ್ತೈದು. ಮೂರು: ಈ ಮೊದಲೇ ತಿಳಿಸಲಾಗಿದೆ. ಏಳು: ಇದನ್ನು ನೀವು ನಮಗೆ ಹೇಳಬೇಕು, ನಾವು ನಿಮಗಲ್ಲ. ಹತ್ತನೆಯದಕ್ಕೆ ಬರುವಾಗ ಅವರ ತಾಳ್ಮೆ ಮುಗಿದಿತ್ತು: ದಯವಿಟ್ಟು ಅಳೆದು ನೋಡಿ. ಹನ್ನೊಂದನೆಯ ಪ್ರಶ್ನಾರ್ಥಕ ವರ್ಕ್‌ಶಾಪಿನ ಹೆಸರಿನ ಪಕ್ಕದಲ್ಲಿತ್ತು. ಸೊಸೆ ಉತ್ಸಾಹದಲ್ಲಿ ಅಲ್ಲೊಂದು ಅಲಂಕಾರದ ಬಳೆ ಹಾಕಿದ್ದಳು. ಅದಕ್ಕೆ ಸಾಹೇಬರ ಉತ್ತರ:

"ನಿಮ್ಮ ವರ್ಕ್‌ಶಾಪಿನ ಹೆಸರಿನ ಬಗ್ಗೆಯೂ ನಿಮಗೆ ಸಂಶಯವಿರುವುದರಿಂದ, ಮುಂದಿನ ವಾರ ನಾನೇ ಬಂದು ನೋಡುತ್ತೇನೆ."

ನೋಡಿದವರು, ಒಪ್ಪಿದವರು

ಸಾಹೇಬರು ಬರುವುದರೊಳಗೆ ನಕ್ಷೆ ಕಾಗದದ ಮೇಲೆ ಸಿದ್ಧವಾಗಿರಬೇಕು ಎಂದು ದೊಡ್ಡ ಹಾಳೆಯಲ್ಲಿ ಮುದ್ರಿಸಿದೆವು. ಮೂಲೆಯಲ್ಲಿ ಚಿಹ್ನೆಗಳ ಅರ್ಥ ಹೇಳುವ ಪಟ್ಟಿ. ಅಳತೆಯಲ್ಲಿ ಎಷ್ಟು ವ್ಯತ್ಯಾಸವನ್ನು ತಾಳಿಕೊಳ್ಳಬಹುದು ಎಂಬುದಕ್ಕೆ ನಾನು ಆರಿಸಿದ ಕನ್ನಡ ಪದ 'ತಾಳಿಕೆ'. ಪಟ್ಟಿಯ ತಲೆಯ ಮೇಲೆ ಅದನ್ನೇ ಹಾಕಲು ಹೇಳಿದ್ದೆ. ಚೌಕ ಚಿಕ್ಕದಾಗಿ ಕೊನೆಯ ಅಕ್ಷರ ಬಿದ್ದುಹೋದದ್ದು ಯಾರ ಗಮನಕ್ಕೂ ಬಂದಿರಲಿಲ್ಲ.

ಕಾನಸೂರಿನಿಂದ ಒಬ್ಬರು ಹಳೆಯ ಗಿರಾಕಿ ಸುಲಿಯುವ ಯಂತ್ರದ ಬ್ಲೇಡ್ ತೋರಿಸಲು ಬಂದವರು, ಮೇಜಿನ ಮೇಲಿನ ಹಾಳೆಯನ್ನು ಕನ್ನಡಕ ಹಾಕಿಕೊಂಡು ಓದಿದರು.

"ತಾಳಿ. ಬಳೆ. ಉಂಗುರ. ಕಾಲುಂಗುರ." ಕನ್ನಡಕ ತೆಗೆದರು. "ಎಂತದೇ ಅಕ್ಕಾ, ಪಟ್ಟಿ ಎಲ್ಲ ತಯಾರಾಗಿ ಕೂತಿದ್ದು, ನಂಗಳಿಗೆ ಒಂದು ಮಾತು ಹೇಳಿದ್ದಿಲ್ಲೆ! ಮದುವೆ ಯಾರದ್ದು?"

"ಮದುವೆ ಅಲ್ಲ, ಇದು ಹುಬ್ಬಳ್ಳಿಯವರಿಗೆ ತೋರ್ಸಲೆ ಮಾಡಿದ್ದು" ಎಂದೆ.

"ಓಹೋ, ಹುಬ್ಬಳ್ಳಿ ಕಡೆಯವ್ರ?" ಎಂದು ಅವರು ಮತ್ತೆ ಕನ್ನಡಕ ಹಾಕಿಕೊಂಡರು. ಎಲ್ಲ ನಕ್ಷೆಗಳ ಕೆಳಗೂ ಮೂರು ಸಾಲು ಇರುತ್ತದೆ: ಬರೆದವರು, ನೋಡಿದವರು, ಒಪ್ಪಿದವರು. ಅದನ್ನು ಬೆರಳಿಟ್ಟು ಓದಿದರು. "ನೋಡಿದವರು ಹೇಳಿ ನಿನ್ನ ಸಹಿ ಇದ್ದು. ಒಪ್ಪಿದವರ ಜಾಗ ಖಾಲಿ ಇದ್ದಲೇ. ಅವು ಇನ್ನೂ ಹೂಂ ಹೇಳಿದ್ವಿಲ್ಯ?"

ನಾನು ಸುಳ್ಳು ಹೇಳುವವಳಲ್ಲ. "ಇನ್ನೂ ಇಲ್ಲೆ. ಬಪ್ಪ ವಾರ ನೋಡಲೆ ಬತ್ತ."

ಅವರು ಬ್ಲೇಡಿನ ವಿಷಯ ಮರೆತು ಎದ್ದು ನಿಂತರು. ಬಾಗಿಲ ಹತ್ತಿರ ತಿರುಗಿ, ದನಿ ಇಳಿಸಿ ಹೇಳಿದರು. "ಎಷ್ಟು ದೂರದ ಸಂಬಂಧ ಆದ್ರೂ ಅಡ್ಡಿಲ್ಲೆ. ಎಲ್ಲ ಬರವಣಿಗೆಲಿ ಇಟ್ಟಿದ್ದು ಒಳ್ಳೇದಾತು."

ಹದಿನೇಳನೇ ಬುಷ್

ಸಾಹೇಬರು ಹೇಳಿದ ದಿನವೇ ಬಂದರು. ದಪ್ಪ ಮೈಯ, ಗಂಭೀರ ಮುಖದ ಮನುಷ್ಯ. ಕೈಯಲ್ಲಿ 'ಅಂಗೀಕಾರ / ತಿರಸ್ಕಾರ' ಎಂದು ಮುದ್ರಿಸಿದ ಕಂಪನಿಯ ಫಾರಂ. ನಮ್ಮ ಮೇಜಿನ ಮೇಲೆ ಇಪ್ಪತ್ತನಾಲ್ಕು ಬುಷ್, ಒಂದೊಂದಕ್ಕೂ ನಂಬರಿನ ಚೀಟಿ. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಲೇಥಿನ ಪಕ್ಕದಲ್ಲಿ ನಿಂತಿದ್ದರು. ಹಿಂದಿನ ದಿನ ಭಾವ ಮತ್ತೆ ಫೋನ್ ಮಾಡಿದ್ದನಂತೆ, ಹದಿನೈದು ದಿನದೊಳಗೆ ಹೇಳು ಎಂದು.

ಸಾಹೇಬರು ಮೊದಲು ನಕ್ಷೆ ನೋಡಿದರು. "ಏನ್ರೀ ಮೇಡಂ ಇದು? ಅಂಕಿ ಬರದೀರಿ, ಸಾಕಲ್ಲ. ಮತ್ತ ಈ ಬಳಿ, ಉಂಗುರ ಯಾಕ?"

"ಅಂಕೆ ನಿಮಗೆ, ಬಳೆ ಮೇಸ್ತ್ರಿಗೆ" ಎಂದೆ. ರಿಜಿಸ್ಟರ್ ತೆರೆದು, ಯಾವ ಒಡವೆಗೆ ಯಾವ ಅಂಕೆ, ಎಷ್ಟು ಸಲ ಅಳೆದೆ, ಎಲ್ಲ ತೋರಿಸಿದೆ. ಬಿ.ಎಸ್ಸಿ. ವಿಷಯವನ್ನೂ ಹೇಳಿದೆ. ಅವರು ಹೂಂ ಎನ್ನುತ್ತ ಕೇಳಿ, ಫಾರಮ್ಮಿನಲ್ಲಿ ಬರೆದರು: 'ಚಿಹ್ನೆಗಳು ಅರ್ಥವಾಗುವುದಿಲ್ಲ.' ಸೊಸೆಯ ಮುಖ ಬಾಡಿತು. ಮೇಸ್ತ್ರಿ ಮಡಚಿದ್ದ ಅಂಗಿಯ ತೋಳು ಇಳಿಸಿಕೊಂಡರು, ಹೊರಡುವವರ ಹಾಗೆ.

ಆಮೇಲೆ ಸಾಹೇಬರು ಬುಷ್ ಪರೀಕ್ಷೆಗೆ ಕೂತರು. ಅಳತೆಗೆ ಮೈಕ್ರೋಮೀಟರ್. ಒಳಮೈ ನುಣುಪಾಗಿದೆಯೇ ಎಂದು ತಿಳಿಯಲು ಬೆರಳು ಹಾಕಿ ಸವರಿ ನೋಡುವುದು ಈ ಕಸುಬಿನಲ್ಲಿ ಎಲ್ಲರಿಗೂ ಇರುವ ಅಭ್ಯಾಸ. ಕಿರುಬೆರಳಿನಿಂದಲೇ ನೋಡುತ್ತಿದ್ದರು. ಹದಿನಾರು ಬುಷ್ ಹಾಗೇ ಮುಗಿಯಿತು. ಹದಿನೇಳನೆಯದಕ್ಕೆ ಕಿರುಬೆರಳು ದಣಿಯಿತೋ ಏನೋ, ತೋರುಬೆರಳು ಹಾಕಿದರು. ತಿರುವಿದರು. ಬೆರಳು ಒಳಗೆ ಹೋಯಿತು, ಹೊರಗೆ ಬರಲಿಲ್ಲ.

ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡು, ಯಂತ್ರಗಳ ಬಗ್ಗೆ ನಮ್ಮನೆಯವರ ಹತ್ತಿರ ಮಾತಾಡುತ್ತಿದ್ದರು. ಸೊಸೆ ಕುಡಿಯಲು ತಂದುಕೊಟ್ಟ ಮುರುಗಲ ಹಣ್ಣಿನ ಪಾನಕಕ್ಕೆ ಎಡಗೈ ಚಾಚಿದಾಗ ನನಗೆ ಸಂಶಯ ಬಂತು. ಮೇಜಿನ ಮೇಲಿನ ಬುಷ್ ಎಣಿಸಿದೆ. ಇಪ್ಪತ್ಮೂರು.

"ಹದಿನೇಳು ಎಲ್ಲಿ?" ಎಂದೆ.

ಅವರು ನಿಧಾನವಾಗಿ ಬಲಗೈ ಮೇಲೆತ್ತಿದರು.

ಸೋಪು ಹಚ್ಚಿದ್ದಾಯಿತು, ಕೊಬ್ಬರಿ ಎಣ್ಣೆ ಹಚ್ಚಿದ್ದಾಯಿತು. ಎಳೆದಷ್ಟೂ ಬೆರಳು ಊದಿತು. ಮೇಸ್ತ್ರಿ ಹತ್ತಿರ ಬಂದು, ಬುಷ್ಷನ್ನು ಎರಡು ಬೆರಳಿನಲ್ಲಿ ಹಿಡಿದು, ಆಚೆ ಈಚೆ ತಿರುವಿ, ವೈದ್ಯರ ಹಾಗೆ ಪರೀಕ್ಷಿಸಿದರು.

"ಬಳಿ ಫಿಟ್ ಮಾಡಿದ್ದೆ. ಕಾಲುಂಗುರ ಫಿಟ್ ಆಗೈತಿ" ಎಂದರು. "ಬುಷ್ ಸರಿ ಐತ್ರಿ ಸಾಹೇಬ್ರ. ಬೆರಳು ಓವರ್‌ಸೈಜ್."

ಆಮೇಲೆ ಗೋಡೆಯ ಮೇಲಿನ ಗರಗಸ ಇಳಿಸಿಕೊಂಡರು. "ಕೊಯ್ದುಬಿಡ್ಲೇನ್ರಿ?"

"ಏನನ್ನ?" ಎಂದರು ಸಾಹೇಬರು, ಕುರ್ಚಿಯಿಂದ ಅರ್ಧ ಎದ್ದು.

"ಕೊಯ್ಯಬಾರದು" ಎಂದೆ ನಾನು. "ಷರತ್ತು ಇಪ್ಪತ್ತನಾಲ್ಕು. ಒಂದು ಕೊಯ್ದರೆ ಇಪ್ಪತ್ಮೂರೇ ಉಳಿಯುತ್ತದೆ, ಇಷ್ಟು ದಿನದ ಕೆಲಸ ತಿರಸ್ಕಾರವಾಗುತ್ತದೆ." ನಾನು ಬುಷ್ಷಿನ ಪರವಾಗಿ ಹೇಳಿದ್ದು, ಸಾಹೇಬರು ತಮ್ಮ ಪರವಾಗಿ ಎಂದು ತಿಳಿದು ಕೃತಜ್ಞತೆಯಿಂದ ನೋಡಿದರು.

ಬಾಣಂತನ, ಮದುವೆಮನೆ ಎಲ್ಲ ಮಾಡಿದ ನನಗೆ ಇಂಥದ್ದಕ್ಕೆ ಉಪಾಯ ಗೊತ್ತು. ಫ್ರಿಜ್ಜಿನಿಂದ ಮಂಜುಗಡ್ಡೆ ತರಿಸಿ ಬೆರಳಿಗೆ ಸುತ್ತಿ, "ಕೈ ಮೇಲೆ ಎತ್ತಿ ಕೂತುಕೊಳ್ಳಿ, ಊತ ಇಳಿಯುತ್ತದೆ" ಎಂದೆ. ಇಪ್ಪತ್ತು ನಿಮಿಷ ಅವರು ಹಾಗೇ ಕೂತಿದ್ದರು, ತರಗತಿಯಲ್ಲಿ ಪ್ರಶ್ನೆ ಕೇಳಲು ಕೈ ಎತ್ತಿದವರ ಹಾಗೆ. ಹನ್ನೊಂದು ಪ್ರಶ್ನೆಗೆ ಉತ್ತರ ಕೊಟ್ಟವರು ಅವರೇ ಎಂಬುದು ನೆನಪಾಗಿ ಸೊಸೆ ಒಳಗೆ ಹೋಗಿಬಿಟ್ಟಳು.

ಸುಮ್ಮನೆ ಕೂತಿದ್ದಾಗ ಅವರ ಕಣ್ಣೆದುರು ಇದ್ದದ್ದು ನಮ್ಮ ನಕ್ಷೆಯೊಂದೇ. ಬಳೆ: ಸರಾಗ ತಿರುಗಬೇಕು. ಉಂಗುರ: ತಿರುವಿ ಹಾಕಿ ತಿರುವಿ ತೆಗೆಯಬೇಕು. ಕಾಲುಂಗುರ: ಮತ್ತೆ ಬರಬಾರದು. ಅದನ್ನು ಬಹಳ ಸಲ ಓದಿದರು. ಇಪ್ಪತ್ತೊಂದನೇ ನಿಮಿಷಕ್ಕೆ ಮೇಸ್ತ್ರಿ ಎಣ್ಣೆ ಹಾಕಿ ತಿರುವಿದಾಗ ಬುಷ್ ಕೈಗೆ ಬಂತು. "ಈಗ ಉಂಗುರ ಫಿಟ್" ಎಂದು ಸಾಹೇಬರೇ ಹೇಳಿದರು.

ಉಳಿದ ಏಳು ಬುಷ್‌ಗಳನ್ನು ದೂರದಿಂದಲೇ ಮೈಕ್ರೋಮೀಟರಿನಿಂದ ಅಳೆದರು. ಎಲ್ಲವೂ ಸರಿ. ಬಲಗೈ ಬೆರಳಿಗೆ ಮಂಜುಗಡ್ಡೆಯ ಬಟ್ಟೆ ಸುತ್ತಿದ್ದರಿಂದ ಎಡಗೈಯಲ್ಲಿ ಪೆನ್ನು ಹಿಡಿದು, 'ಅರ್ಥವಾಗುವುದಿಲ್ಲ' ಎಂಬುದನ್ನು ಹೊಡೆದುಹಾಕಿ, ಒಂದನೇ ಕ್ಲಾಸಿನ ಅಕ್ಷರದಲ್ಲಿ 'ಅರ್ಥವಾಯಿತು' ಎಂದು ಬರೆದರು. ಮಿಕ್ಕ ಕಾಲಮ್ಮುಗಳನ್ನು ನೀವೇ ತುಂಬಿರಿ ಮೇಡಂ, ನಾನು ಹೇಳುತ್ತ ಹೋಗುತ್ತೇನೆ ಎಂದರು.

ಹದಿನೇಳನೆಯದಕ್ಕೆ ಬಂದಾಗ ಕೇಳಿದೆ. "ಒಳಮೈ?"

"ಸರಿ ಐತಿ."

"ಪರೀಕ್ಷಿಸಿದ ಸಾಧನ?"

"ಏನರ ಬರ್ಕೋರಿ ಮೇಡಂ" ಎಂದರು, ಬೆರಳು ನೋಡಿಕೊಳ್ಳುತ್ತ.

ನಾನು ಏನಾದರೂ ಬರೆದುಕೊಳ್ಳುವವಳಲ್ಲ. ನಡೆದದ್ದನ್ನು ಬರೆದೆ. ಅವರು ಓದದೆ ಎಡಗೈಯಲ್ಲಿ ಸಹಿ ಮಾಡಿದರು.

ಹತ್ತು ದಿನಕ್ಕೆ ಹುಬ್ಬಳ್ಳಿಯ ಹೆಡ್ ಆಫೀಸಿನಿಂದ ಪತ್ರ ಬಂತು. ನಕ್ಷೆ ಚಿಹ್ನೆಗಳ ಸಮೇತ ಒಪ್ಪಿತವಾಗಿದೆ, ಕೆಲಸ ಶುರುಮಾಡಬಹುದು. ಮೇಸ್ತ್ರಿ ಎರಡನೇ ಲೇಥಿನ ಪ್ಲಾಸ್ಟಿಕ್ ತೆಗೆದು, ನಾಲ್ಕು ಮಡಿಕೆ ಮಾಡಿ ಅಟ್ಟದ ಮೂರನೇ ಹಲಗೆಯ ಮೇಲೆ ಇಟ್ಟರು. ಭಾವನಿಗೆ ಫೋನ್ ಮಾಡಿ, "ನೀನಾ ಈ ಕಡೆ ಬಾರಲೇ" ಎಂದರು.

ಪತ್ರದ ಕೊನೆಯಲ್ಲಿ ಒಂದು ಆಕ್ಷೇಪಣೆ ಇತ್ತು. 'ಕ್ರಮಸಂಖ್ಯೆ ಹದಿನೇಳರ ಬುಷ್ ಪರೀಕ್ಷಿಸಲು ಬಳಸಿರುವ "ತೋರುಬೆರಳು, ಬಲ" ಎಂಬ ಸಾಧನದ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಲಗತ್ತಿಸಿರುವುದಿಲ್ಲ. ಕೂಡಲೇ ಕಳಿಸತಕ್ಕದ್ದು.'

ಅಂದೇ ಉತ್ತರ ಬರೆದೆ. ಪ್ರತಿ ನನ್ನ ಫೈಲಿನಲ್ಲಿದೆ.

'ಸದರಿ ಸಾಧನವು ತಮ್ಮ ಕಂಪನಿಯದೇ ಆಗಿದ್ದು, ಪರೀಕ್ಷೆ ಮುಗಿದ ದಿನವೇ ತಮ್ಮ ಸಾಹೇಬರ ಕೈಯಲ್ಲಿ ವಾಪಸು ಕಳಿಸಲಾಗಿದೆ. ಕಳಿಸುವಾಗ ಅಳತೆಯಲ್ಲಿ ಸ್ವಲ್ಪ ಹೆಚ್ಚಾಗಿತ್ತು. ಈಗ ಕಡಿಮೆಯಾಗಿರಬಹುದು.'